ಬಾಟಲಿಯ ಚೀಟಿ

ಹೊಸಕೋಟೆ ದೊಡ್ಡಕೆರೆಯ ಏರಿ ಇಳಿದು ನೀರಿನ ಸ್ಯಾಂಪಲ್ ಹಿಡಿಯುವುದು ನನ್ನ ಕೆಲಸ. ಮೇಲೆ ತೇಲುವ ಪಾಚಿ ಬರಬಾರದು. ಬಾಟಲಿಯನ್ನು ಮೊಣಕೈಯಾಳಕ್ಕೆ ಇಳಿಸಿ ತುಂಬಿಸಬೇಕು. ಲೋಹದ ಪರೀಕ್ಷೆಯದಕ್ಕೆ ನೈಟ್ರಿಕ್ ಆಮ್ಲದ ಹನಿ. ಕರಗಿದ ಆಮ್ಲಜನಕದ್ದಕ್ಕೆ ದಡದಲ್ಲೇ ಮದ್ದು ಹಾಕಿಬಿಡಬೇಕು. ಉಳಿದದ್ದು ಐಸ್ ಪೆಟ್ಟಿಗೆಗೆ. ಆಮೇಲೆ ಚೀಟಿ: ಯಾವ ಕೆರೆ, ಯಾವ ದಿಕ್ಕು, ತಾರೀಕು, ಗಂಟೆ, ಹಿಡಿದವನ ಹೆಸರು. ಪೆಟ್ಟಿಗೆ ಕೈಬದಲಾದಾಗಲೆಲ್ಲ ಕೊಟ್ಟವನದೊಂದು ರುಜು, ಇಸಕೊಂಡವನದೊಂದು ರುಜು.

ಅಪ್ಪ ಪಂಚಪಾತ್ರೆ ಮುಂದಿಟ್ಟುಕೊಂಡು ಹೇಳುವ ಸಂಕಲ್ಪವೂ ಹೆಚ್ಚುಕಮ್ಮಿ ಇದೇ ಚೀಟಿ. ಸಂವತ್ಸರ, ಮಾಸ, ತಿಥಿ, ಗೋದಾವರಿಯ ದಕ್ಷಿಣ ತೀರ, ಕೊನೆಗೆ ಗೋತ್ರ, ಹೆಸರು. ಅಲ್ಲಿ ಬೋರ್‌ವೆಲ್ ನೀರಿಗೆ ಗಂಗೆ, ಕಾವೇರಿಯರನ್ನು ಕರೆದರೆ ಬಂದೇ ಬರುತ್ತಾರೆ. ಯಾರೂ ರುಜು ಕೇಳುವುದಿಲ್ಲ. ನನ್ನ ಬಾಟಲಿಗೆ ಆ ಸವಲತ್ತಿಲ್ಲ.

ಗೌತಮನ ನ್ಯಾಯಸೂತ್ರ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಲ್ಯಾಬಿನ ಹುಡುಗಿಗೆ ಪ್ರತ್ಯಕ್ಷವಾಗಿರುವುದು ಬಾಟಲಿ, ಕೆರೆಯಲ್ಲ. ಇದು ದೊಡ್ಡಕೆರೆಯ ನೀರೇ ಅನ್ನುವುದಕ್ಕೆ ಅವಳಿಗಿರುವುದು ಶಬ್ದ ಮಾತ್ರ, ಅಂದರೆ ನಂಬಿಗಸ್ತನ ಮಾತು. ಯಂತ್ರ ಎಷ್ಟೇ ಸೂಕ್ಷ್ಮ ಅಂಕಿ ಕೊಡಲಿ, ಅದರ ಬುಡದಲ್ಲಿ ಕೂತಿರುವುದು ನನ್ನ ವಕ್ರ ಅಕ್ಷರ. ಪ್ರತ್ಯಕ್ಷವೊಂದನ್ನೇ ನೆಚ್ಚುವ ಚಾರ್ವಾಕನನ್ನು ಲ್ಯಾಬಿಗೆ ಸೇರಿಸಿದರೆ ಅವನು ಒಂದು ವರದಿಗೂ ಸಹಿ ಹಾಕಲಾರ.

1974ರ ಜಲ ಕಾಯ್ದೆಗೆ ಮನುಷ್ಯರ ಮೇಲೆ ಅಷ್ಟು ನಂಬಿಕೆಯಿಲ್ಲ. ಕಾರ್ಖಾನೆಯ ನೀರು ಹಿಡಿದರೆ ಮಾಲೀಕನ ಎದುರಿಗೇ ಎರಡು ಪಾಲು ಮಾಡಿ, ಸೀಲು ಹಾಕಿ, ಇಬ್ಬರೂ ರುಜು ಮಾಡಬೇಕೆನ್ನುತ್ತದೆ ಅದರ 21ನೇ ಸೆಕ್ಷನ್. ಆ ಕ್ರಮ ತಪ್ಪಿದರೆ ಫಲಿತಾಂಶ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಮೊದಮೊದಲು ಇದು ಅವಮಾನ ಅನ್ನಿಸುತ್ತಿತ್ತು. ನನ್ನ ಮಾತು ಸಾಲದೇ ಎಂದು.

ಸಾಲದು. ಒಮ್ಮೆ ಬೆಳಿಗ್ಗೆ 7ಕ್ಕೆ ಹಿಡಿದ ನೀರು, ದಾರಿಯಲ್ಲಿ ವ್ಯಾನ್ ಕೆಟ್ಟು, ಲ್ಯಾಬ್ ಸೇರುವಾಗ ಬ್ಯಾಕ್ಟೀರಿಯಾ ಪರೀಕ್ಷೆಯ ಗಡುವು ಮೀರಿತ್ತು. ಮತ್ತೆ ಕೆರೆಗೆ ಹೋಗಲು ಬೇಸರ. ಹೊಸ ಚೀಟಿ ತೆಗೆದು 10 ಎಂದು ಬರೆದೆ. ಹುಡುಗಿ ನನ್ನ ಮುಖ ಕೂಡ ನೋಡದೆ ಇಸಕೊಂಡಳು, ಅಷ್ಟು ನಂಬಿಕೆ. ವರದಿ ಬಂತು, ಕಡತ ಸೇರಿತು.

ಆ ಕಡತದಲ್ಲಿ ಇವತ್ತಿಗೂ ಗಂಟೆ 10. ಕೆಳಗೆ ನನ್ನ ರುಜು.