ವೈದ್ಯಕಾಯಕವೂ ಅಗ್ಘವಣಿಯ ಕಾಯಕವೂ

ರೋಗಿಯಾಗಿ ಬಂದವನನ್ನು ಗುಣಪಡಿಸುವುದು ದೊಡ್ಡದೋ, ಬರಲಿದ್ದ ರೋಗವು ಬಾರದಂತೆ ಮಾಡುವುದು ದೊಡ್ಡದೋ ಎಂದು ಕೇಳಿದರೆ ಹೆಚ್ಚಿನವರು ಎರಡನೆಯದೇ ದೊಡ್ಡದೆಂದು ಬಾಯಿಂದ ಹೇಳುವರು. ಆದರೆ ನಮ್ಮ ಕೃತಜ್ಞತೆಯು ಯಾವ ಕಡೆಗೆ ಹರಿಯುತ್ತದೆಂಬುದನ್ನು ನೋಡಿದರೆ ಉತ್ತರವು ಬೇರೆಯಾಗುವುದು. ಜ್ವರ ಬಿಡಿಸಿದ ವೈದ್ಯನಿಗೆ ಶಾಲು ಹೊದಿಸುತ್ತೇವೆ, ಮಗನ ಲಗ್ನಕ್ಕೆ ಕರೆದು ಮೇಲ್ಪಂಕ್ತಿಯಲ್ಲಿ ಕೂರಿಸುತ್ತೇವೆ. ಜ್ವರ ಬಾರದಂತೆ ನೋಡಿಕೊಂಡವನ ಹೆಸರೂ ನಮಗೆ ತಿಳಿಯದು. ತಿಳಿಯುವ ಬಗೆಯಾದರೂ ಹೇಗೆ? ಬಾರದೆ ಹೋದ ವ್ಯಾಧಿಗೆ ಲಕ್ಷಣವಿಲ್ಲ, ತಿಥಿಯಿಲ್ಲ, ಅದನ್ನು ನೆನೆಯುವ ರೋಗಿಯೂ ಇಲ್ಲ. ಹೀಗಾಗಿ ಲೋಕದಲ್ಲಿ ಒಂದು ಬಗೆಯ ಉಪಕಾರವು ಎಂದೆಂದಿಗೂ ಕೃತಜ್ಞತೆಯ ಕಣ್ಣಿಗೆ ಬೀಳದೆ ಉಳಿಯುವುದು. ಅಂಥ ಉಪಕಾರವನ್ನು ಮಾಡತಕ್ಕವರು ಯಾರು, ಯಾವ ಬಲದಿಂದ ಮಾಡಿಯಾರು ಎಂಬುದು ವೈದ್ಯರ ಪ್ರಶ್ನೆ ಮಾತ್ರವಲ್ಲ. ಕಾಯಕವನ್ನು ಧರ್ಮವೆಂದು ನಂಬಿದ ಗೃಹಸ್ಥರಾದ ನಮ್ಮೆಲ್ಲರ ಪ್ರಶ್ನೆ.

ಚರಕಸಂಹಿತೆಯು ಆಯುರ್ವೇದದ ಪ್ರಯೋಜನವನ್ನು ಹೇಳುವಲ್ಲಿ ಸ್ವಸ್ಥನ ಸ್ವಾಸ್ಥ್ಯರಕ್ಷಣೆಯನ್ನು ಮೊದಲಿಟ್ಟು, ಆತುರನ ವಿಕಾರಶಮನವನ್ನು ಅನಂತರ ಇರಿಸಿದೆ. ಪಾಠ ಹೇಳುವ ನಾವು ಪದವಿಭಾಗ ಮಾಡಿ ಮುಂದೆ ಸಾಗುತ್ತೇವಲ್ಲದೆ ಈ ಅನುಕ್ರಮದಲ್ಲಿ ನಿಲ್ಲುವುದಿಲ್ಲ. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ಅಧ್ಯಾಯವುಂಟು. ಗಂಗಾತೀರದ ಕಾಂಪಿಲ್ಯದಲ್ಲಿ ಅಗ್ನಿವೇಶನಿಗೆ ಒಂದು ಸಂದೇಹ ಬರುವುದು. ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲವೂ ವಯಸ್ಸೂ ಬೇರೆ. ಹೀಗಿರಲು ಒಂದೇ ವ್ಯಾಧಿಯು ಏಕಕಾಲಕ್ಕೆ ಇಡೀ ಜನಪದವನ್ನು ಹಾಳುಮಾಡುವುದು ಹೇಗೆ? ಆತ್ರೇಯ ಮುನಿಯ ಸಮಾಧಾನವೇನೆಂದರೆ, ಜನರು ಎಷ್ಟೇ ಬೇರೆಯಾಗಿದ್ದರೂ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನ. ಅವು ಕೆಟ್ಟರೆ ಎಲ್ಲರೂ ಕೆಡುವರು. ಅವು ಕೆಡುವುದಕ್ಕೆ ಮೂಲ ಅಧರ್ಮ, ಅಧರ್ಮಕ್ಕೆ ಮೂಲ ಪ್ರಜ್ಞಾಪರಾಧ. ಇಂದಿನ ತರುಣರು ಇದನ್ನು ಕೇಳಿ ನಗಬಹುದು. ರೋಗಾಣುವಿಗೂ ಅಧರ್ಮಕ್ಕೂ ಏನು ಸಂಬಂಧವೆಂದು ನನ್ನ ವಿದ್ಯಾರ್ಥಿಗಳೇ ಕೇಳಿದ್ದುಂಟು. ಊರೆಲ್ಲ ಕುಡಿಯುವ ನೀರಿಗೆ ತನ್ನ ಚರಂಡಿಯನ್ನು ಬಿಡುವವನ ಕೃತ್ಯಕ್ಕೆ ಅಧರ್ಮವೆನ್ನದೆ ಬೇರೆ ಏನೆನ್ನಬೇಕೆಂದು ನಾನು ಮರಳಿ ಕೇಳುತ್ತೇನೆ.

ಈ ಮಾತಿಗೆ ದೃಷ್ಟಾಂತವನ್ನು ಗಂಗಾತೀರದಿಂದ ತರಬೇಕಾಗಿಲ್ಲ. ರಾಯಚೂರು, ಕಲಬುರ್ಗಿ, ವಿಜಯಪುರದ ಸೀಮೆಯಲ್ಲಿ ಐವತ್ತು ದಾಟಿದವರೆಲ್ಲರೂ ನಾರುಹುಣ್ಣಿನ ಹೆಸರನ್ನು ಬಲ್ಲರು. ಮೆಟ್ಟಿಲುಬಾವಿಗೆ ಇಳಿದು ಕೊಡವನ್ನು ಮುಳುಗಿಸಿ ನೀರು ತರುತ್ತಿದ್ದ ಕಾಲವದು. ಆ ನೀರಿನಲ್ಲಿ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಸಣ್ಣದಾದ ನೀರುಚಿಗಟವಿರುವುದು. ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿಯಿರುವುದು. ನೀರಿನೊಡನೆ ಒಳಗೆ ಹೋದ ಮರಿಯು ಸುಮಾರು ಒಂದು ವರ್ಷಕಾಲ ಯಾವ ಕುರುಹನ್ನೂ ತೋರದೆ ದೇಹದಲ್ಲಿ ಬೆಳೆದು, ಎರಡು ಮೂರು ಅಡಿ ಉದ್ದದ ಬಿಳಿಯ ದಾರದಂತಾಗಿ, ಬಹುಮಟ್ಟಿಗೆ ಕಾಲಿನಲ್ಲಿಯೇ, ಬೊಬ್ಬೆಯೆಬ್ಬಿಸಿ ಹೊರಗೆ ತಲೆಹಾಕುವುದು. ಬೆಂಕಿ ಇಟ್ಟಂತಹ ಉರಿ. ಉರಿ ತಾಳದೆ ರೋಗಿಯು ಬಾವಿಗೆ ಹೋಗಿ ಕಾಲನ್ನು ನೀರಿನಲ್ಲಿ ಇಳಿಬಿಡುವನು. ಆ ಕ್ಷಣದಲ್ಲಿ ಹುಳುವು ತನ್ನ ಅಸಂಖ್ಯಾತ ಮರಿಗಳನ್ನು ನೀರಿಗೆ ಬಿಡುವುದು. ಒಬ್ಬನ ಉಪಶಮನವೇ ಮುಂದಿನ ವರ್ಷಕ್ಕೆ ಹತ್ತಾರು ಮಂದಿಯ ವ್ಯಾಧಿಯಾಗುವ ಈ ಪರಿಯನ್ನು ನೆನೆದಾಗ ಮೈ ಜುಮ್ಮೆನ್ನುತ್ತದೆ. ಅವನಲ್ಲಿ ದುರುದ್ದೇಶವಿತ್ತೇ? ಇಲ್ಲ. ಅರಿವು ಮಾತ್ರ ಇರಲಿಲ್ಲ. ಪ್ರಜ್ಞಾಪರಾಧವೆಂಬ ಶಬ್ದದ ಅರ್ಥವು ನನಗೆ ವ್ಯಾಖ್ಯಾನಗಳಿಂದ ತಿಳಿದುದಕ್ಕಿಂತ ಈ ಬಾವಿಯ ಕಥೆಯಿಂದ ಚೆನ್ನಾಗಿ ತಿಳಿಯಿತು.

ಈ ರೋಗಕ್ಕೆ ಔಷಧವಿರಲಿಲ್ಲ, ಇಂದಿಗೂ ಇಲ್ಲ. ಲಸಿಕೆಯೂ ಇಲ್ಲ. ಹೊರಬಂದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಷ್ಟು ಎಳೆಯುತ್ತ ವಾರಗಟ್ಟಲೆ ಕುಳಿತಿರುವುದೇ ಚಿಕಿತ್ಸೆ. ನಡುವೆ ಹರಿದರೆ ಕಾಲು ಬಾತು ಕೀವು ತುಂಬುವುದು. ಬಿತ್ತುವ ಹೊತ್ತಿಗೆ ಹೀಗೆ ಕಾಲು ಹಿಡಿದು ಕುಳಿತ ರೈತನ ಮನೆಯ ವರ್ಷದ ಗತಿಯನ್ನು ವಾಚಕರೇ ಊಹಿಸಬಹುದು. ಎಷ್ಟು ದೊಡ್ಡ ವೈದ್ಯನು ಬಂದರೂ ಆ ಕಡ್ಡಿಯನ್ನು ಸುತ್ತುವುದಕ್ಕಿಂತ ಹೆಚ್ಚಿನದನ್ನು ಮಾಡಲಾರನಾಗಿದ್ದನು.

ಆದರೂ ರೋಗವು ಹೋಯಿತು. ೧೯೮೩-೮೪ರಲ್ಲಿ ಕೇಂದ್ರ ಸರಕಾರವು ಇದರ ನಿರ್ಮೂಲನಕ್ಕೆ ಕೈಹಾಕಿದಾಗ ದೇಶದಲ್ಲಿ ಸುಮಾರು ೪೦ ಸಾವಿರ ರೋಗಿಗಳಿದ್ದರು. ಕರ್ನಾಟಕವೂ ರೋಗವಿದ್ದ ರಾಜ್ಯಗಳಲ್ಲೊಂದು. ಕಡೆಯ ರೋಗಿಯು ೧೯೯೬ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು. ಇದು ಆದುದು ಹೇಗೆ? ಮೆಟ್ಟಿಲುಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡಿದರು, ಕೈಪಂಪುಗಳನ್ನು ನೆಟ್ಟರು, ನೀರುಚಿಗಟಗಳನ್ನು ಕೊಲ್ಲುವ ಮದ್ದನ್ನು ಅಳತೆಯಿಂದ ಬಾವಿಗೆ ಹಾಕಿದರು, ಹುಣ್ಣಿನವನು ನೀರಿಗಿಳಿಯಬಾರದೆಂದು ಮನೆಮನೆಗೆ ಹೇಳಿದರು. ಇವೆಲ್ಲಕ್ಕಿಂತ ಸರಳವಾದುದು, ಕುಡಿಯುವ ನೀರನ್ನು ಒತ್ತುನೆಯ್ಗೆಯ ಅರಿವೆಯಲ್ಲಿ ಸೋಸುವುದು. ಲಿಂಗಪೂಜೆಯ ಅಗ್ಘವಣಿಯನ್ನು ಸೋಸಿ ತರುವ ರೂಢಿಯು ನಮ್ಮ ಮನೆಗಳಲ್ಲಿ ಹಿಂದಿನಿಂದ ಇದ್ದುದೇ. ಲಿಂಗಕ್ಕೆ ಸೋಸಿದ ನೀರು, ಮಕ್ಕಳಿಗೆ ಸೋಸದ ನೀರು ಎಂಬ ಭೇದವು ಹೇಗೆ ಉಳಿದಿತ್ತೋ ನಾನರಿಯೆ.

ಈಗ ಕೇಳೋಣ: ನಾರುಹುಣ್ಣನ್ನು ಗುಣಪಡಿಸಿದ ವೈದ್ಯನಾರು? ಯಾರೂ ಅಲ್ಲ. ಗೌಂಡಿಯೊಬ್ಬ, ನೀರು ಸೋಸಿದ ಸಾವಿರಾರು ತಾಯಂದಿರು, ಊರೂರು ಅಲೆದ ಆರೋಗ್ಯ ಸಹಾಯಕ, ತನ್ನ ಕುರ್ಚಿಯನ್ನು ಬಿಟ್ಟು ಬಾವಿಯ ಕಟ್ಟೆಗೆ ಬಂದ ಡಾಕ್ಟರ ಇವರೆಲ್ಲರೂ ಸೇರಿ ಗುಣಪಡಿಸಿದರು. ಇವರಲ್ಲಿ ಯಾರ ಹೆಸರಿನ ಕಲ್ಲನ್ನೂ ಯಾವ ಬಾವಿಯ ಬಳಿಯಲ್ಲಿಯೂ ನಾನು ಕಂಡಿಲ್ಲ.

ಕಲ್ಲಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆನು. ೧೯೧೫ರಲ್ಲಿ ಮಸ್ಕಿಯ ಗುಡ್ಡದಲ್ಲಿ ದೊರೆತ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ವಿದ್ವಾಂಸರಿಗೆ ನಿಶ್ಚಯವಾಯಿತೆಂದು ಎಲ್ಲರೂ ಬಲ್ಲರು. ಅದೇ ಅರಸನ ಎರಡನೆಯ ಬೃಹತ್ ಶಿಲಾಶಾಸನವು ಗಿರ್ನಾರ, ಎರ್ರಗುಡಿ ಮೊದಲಾದೆಡೆಗಳಲ್ಲಿದೆ. ಅದರಲ್ಲಿ ಮನುಷ್ಯರ ಮತ್ತು ಪಶುಗಳ ಚಿಕಿತ್ಸೆ, ಮೂಲಿಕೆಗಳನ್ನು ನೆಡಿಸಿದುದು, ದಾರಿಯಲ್ಲಿ ಬಾವಿ ತೋಡಿಸಿದುದು, ಇವೆಲ್ಲವೂ ಒಂದೇ ಉಸಿರಿನಲ್ಲಿ ಬಂದಿವೆ. ಚಿಕಿತ್ಸೆ ಒಂದು ಇಲಾಖೆ, ನೀರು ಇನ್ನೊಂದು ಇಲಾಖೆ ಎಂಬ ವಿಂಗಡಣೆ ಆ ಅರಸನಿಗೆ ತೋಚಿರಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ನ್ಯಾಯವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನೊಬ್ಬನ ಎದುರಿಗೆ ದಿನವೂ ಸಾಲುಗಟ್ಟಿ ರೋಗಿಗಳು ನಿಂತಿರುವರು. ಕಣ್ಣೆದುರಿಗೆ ಏದುಸಿರು ಬಿಡುವ ಮುದುಕನನ್ನು ಬಿಟ್ಟು, ಇನ್ನೂ ಹುಟ್ಟದ ರೋಗವನ್ನು ತಡೆಯಲು ಅವನು ಬಾವಿ ನೋಡಲು ಹೋಗಬೇಕೆ? ನರಳುವವನಿಗೆ ಮುಖವಿದೆ, ಲೆಕ್ಕದಲ್ಲಿ ಬರುವ ಸಂಖ್ಯೆಗೆ ಮುಖವಿಲ್ಲ, ನೋವಿಲ್ಲ. ಕರುಣೆಯು ಮುಖವನ್ನು ಹುಡುಕುವುದೇ ಸಹಜ. ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದವನೆನ್ನುವ ಆಯ್ದಕ್ಕಿ ಮಾರಯ್ಯನು ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು ಬೋಧಿಸಿದನಷ್ಟೆ. ಹಾಗಿದ್ದರೆ ರೋಗಿಯ ನಾಡಿಯ ಮೇಲೆ ಕೈಯಿಟ್ಟ ವೈದ್ಯನು ಬಾವಿಯನ್ನೂ ಮರೆಯತಕ್ಕದ್ದೇ ಸರಿ.

ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ನಾಡಿ ಹಿಡಿದವನು ನಾಡಿಯನ್ನು ಬಿಡಬಾರದು. ಒಪ್ಪದ ಅರ್ಧವೆಂದರೆ, ಬಾರದ ರೋಗದವನಿಗೆ ಮುಖವಿಲ್ಲವೆಂಬುದು. ನಾರುಹುಣ್ಣಿನ ಒಂದು ವರ್ಷದ ಅವಧಿಯನ್ನು ನೆನೆಯಿರಿ. ಮುಂದಿನ ಬೇಸಿಗೆಗೆ ನರಳತಕ್ಕವನು ಎಲ್ಲಿಯೋ ಶೂನ್ಯದಲ್ಲಿಲ್ಲ. ಈ ಹೊತ್ತೇ, ಇದೇ ಬಾವಿಯ ಮೆಟ್ಟಿಲಿನ ಮೇಲೆ, ಬೊಗಸೆಯೆತ್ತಿ ನೀರು ಕುಡಿಯುತ್ತಿದ್ದಾನೆ. ಅವನು ಇಂಥವನೇ ಎಂದು ನಮಗೆ ಗೊತ್ತಿಲ್ಲವೆಂಬುದಷ್ಟೇ ಭೇದ. ಅದು ನಮ್ಮ ಅರಿವಿನ ಕೊರತೆಯಲ್ಲದೆ ಅವನ ನೋವಿನ ಕೊರತೆಯಲ್ಲ. ಆದುದರಿಂದ ಕರ್ತವ್ಯವು ಇದ್ದೇ ಇದೆ. ಅದನ್ನು ಒಬ್ಬನೇ ವೈದ್ಯನ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ. ೧೯೪೬ರ ಭೋರ್ ಸಮಿತಿಯ ವರದಿಯು ರೋಗನಿವಾರಣೆಯನ್ನೂ ಚಿಕಿತ್ಸೆಯನ್ನೂ ಒಂದೇ ಕೇಂದ್ರದಲ್ಲಿ ಕೂಡಿಸಬೇಕೆಂದು ಬಯಸಿತು. ೧೯೫೨ರಿಂದ ಅಂಥ ಕೇಂದ್ರಗಳು ಹುಟ್ಟಿಕೊಂಡವು. ಕೂಡಿಸಿದುದು ಒಳ್ಳೆಯದೇ. ಆದರೆ ಕೂಡಿಸಿದ ಮೇಲೆ ಊರಿನವರು ತಮ್ಮ ಪಾಲಿನ ಭಾರವನ್ನೂ ಅಲ್ಲಿಯೇ ಇಳಿಸಿ ಕೈ ತೊಳೆದುಕೊಂಡರು.

ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ಚಿಕಿತ್ಸೆಯೇ ಅವನ ಕಾಯಕ, ತನ್ನ ವೃತ್ತಿಯ ಪರಿಭಾಷೆಯಲ್ಲಿಯೇ ಅವನು ವಚನಗಳನ್ನು ರಚಿಸಿದನು. ಅದೇ ಪರಂಪರೆಯಲ್ಲಿ ಅಗ್ಘವಣಿ ಹೊನ್ನಯ್ಯನಿದ್ದನು. ಶುದ್ಧವಾದ ನೀರನ್ನು ತರುವುದೇ ಅವನ ಕಾಯಕ, ಹೆಸರೇ ಅದನ್ನು ಹೇಳುವುದು. ಇಬ್ಬರಲ್ಲಿ ಮೇಲು ಯಾರೆಂಬ ಮಾತು ಅಲ್ಲಿ ಏಳಲಿಲ್ಲ. ಈ ಸಮಾನತೆಯನ್ನು ನಾವು ಭಾಷಣದಲ್ಲಿ ಹೊಗಳುತ್ತೇವೆ. ನಡೆಯಲ್ಲಿ ಹೇಗಿದ್ದೇವೆ?

ಸಿಂಧನೂರಿನ ಕಡೆ ನೋಡಿರಿ. ತುಂಗಭದ್ರೆಯ ಎಡದಂಡೆ ಕಾಲುವೆಯು ಬರಗಾಲದ ಬಯಲನ್ನು ಭತ್ತದ ಕಣಜ ಮಾಡಿತು. ಕಾಲುವೆಯೊಡನೆ ನಿಂತ ನೀರೂ, ನಿಂತ ನೀರಿನೊಡನೆ ಸೊಳ್ಳೆಯೂ ಬಂದವು. ಮಲೇರಿಯಾ ಸೊಳ್ಳೆಯಿಂದ ಹಬ್ಬುವುದೆಂಬ ಸತ್ಯದ ಮೊದಲ ಕುರುಹು ರೊನಾಲ್ಡ್ ರಾಸ್‌ಗೆ ದೊರೆತುದು ೧೮೯೭ರ ಆಗಸ್ಟಿನಲ್ಲಿ, ನಮ್ಮ ಜಿಲ್ಲೆಯು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಸಿಕಂದರಾಬಾದಿನಲ್ಲಿಯೇ. ೧೯೫೩ರಿಂದ ನಡೆದ ರಾಷ್ಟ್ರೀಯ ಕಾರ್ಯದಿಂದ ೧೯೬೫ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ರೋಗಿಗಳಷ್ಟೇ ಉಳಿದರು. ಗೆದ್ದೆವೆಂದು ಕೈಬಿಟ್ಟುದರಿಂದ ೧೯೭೬ರಲ್ಲಿ ಆ ಸಂಖ್ಯೆ ೬೪ ಲಕ್ಷವನ್ನು ಮುಟ್ಟಿತು. ಇಂದು ಡೆಂಗೆಯ ಕಾಲ. ಅದರ ಸೊಳ್ಳೆ ಹುಟ್ಟುವುದು ಗದ್ದೆಯಲ್ಲಲ್ಲ, ನಮ್ಮ ಹಿತ್ತಿಲ ಬಾನಿಯಲ್ಲಿ, ವಾರಕ್ಕೂ ಮಿಕ್ಕಿ ನಿಂತ ನೀರಿನಲ್ಲಿ. ಆ ಬಾನಿಯನ್ನು ಬಗ್ಗಿ ನೋಡಿ, ನೀರು ಚೆಲ್ಲಿರೆಂದು ಹೇಳಲು ಆಶಾ ಕಾರ್ಯಕರ್ತೆಯು ಬಿಸಿಲಲ್ಲಿ ಬಾಗಿಲಿಗೆ ಬಂದಾಗ, ನಮ್ಮ ನೀರಿನ ಗೊಡವೆ ನಿನಗೇಕೆ ತಂಗಿ ಎಂದು ಗದರಿದ ಸದ್ಗೃಹಸ್ಥರು ನಮ್ಮಲ್ಲಿಯೇ ಇದ್ದಾರೆ. ಅದೇ ಗೃಹಸ್ಥರು ಮೈ ಬೆಚ್ಚಗಾದೊಡನೆ ಆಸ್ಪತ್ರೆಗೆ ಹೋಗಿ, ಗುಳಿಗೆ ಸಾಕೆಂದ ಡಾಕ್ಟರನ್ನು ಬಿಟ್ಟು, ಸೂಜಿ ಚುಚ್ಚಿ ಸಲೈನ್ ಹಚ್ಚುವವನನ್ನು ಹುಡುಕುವರು. ವೈದ್ಯರಲ್ಲಿ ಧನಲೋಭ ಹೆಚ್ಚಿತೆಂದು ದೂರುವುದು ಸುಲಭ, ದೂರುವುದಕ್ಕೆ ಕಾರಣವೂ ಉಂಟು. ಬೇಡದ ಚಿಕಿತ್ಸೆಯನ್ನು ಬೇಡಿ ಪಡೆಯುವ ನಮ್ಮ ಆಶೆಯನ್ನು ಮಾತ್ರ ಯಾರೂ ದೂರುವುದಿಲ್ಲ. ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಹಿಂದಿರುಗಿಸಿ ಕಳುಹಿದ ಲಕ್ಕಮ್ಮನ ಕಥೆ ವೈದ್ಯನಿಗೆಷ್ಟೋ ರೋಗಿಗೂ ಅಷ್ಟೇ ಅನ್ವಯಿಸುವುದು.

ಇನ್ನು ಲಿಂಗಸುಗೂರು, ಮಸ್ಕಿಯ ಕಡೆಗೆ ಸಮಸ್ಯೆಯು ತಿರುವು ಪಡೆದಿದೆ. ಮೆಟ್ಟಿಲುಬಾವಿಯನ್ನು ಬಿಟ್ಟು ನಾವು ಕೊಳವೆಬಾವಿಗೆ ಹೋದೆವು. ಹುಳುವು ಹೋಯಿತು, ಕಲ್ಲಿನ ದೋಷ ಬಂದಿತು. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಯಾದ ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಿದೆ. ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುವುದು. ವರ್ಷಗಟ್ಟಲೆ ಕುಡಿದವರ ಮೂಳೆ ಸಂದುಗಳು ಬಿಗಿಯುವುವು. ಹಟ್ಟಿಯ ಚಿನ್ನದ ಅದಿರಿನೊಡನೆ ಇರುವ ಆರ್ಸೆನಿಕ್ಕಿನ ಭಯ ಬೇರೆ. ಇಲ್ಲಿ ಅರಿವೆಯಲ್ಲಿ ಸೋಸಿದರೆ ಪ್ರಯೋಜನವಿಲ್ಲ. ಕುದಿಸಿದರೂ ಇಲ್ಲ, ಕುದಿಸಿದಷ್ಟೂ ನೀರು ಆವಿಯಾಗಿ ದೋಷವು ಸಾಂದ್ರವಾಗುವುದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕುದಿಸಿದ ನೀರೆಂದರೆ ಸರ್ವದೋಷಮುಕ್ತವೆಂದು ನಂಬಿದ ಮನೆಗಳು ಬಹಳ. ನದಿಯ ಅಥವಾ ಕಾಲುವೆಯ ನೀರನ್ನು ಶುದ್ಧೀಕರಿಸಿ ತರುವುದು, ಮಳೆಯ ನೀರನ್ನು ಹಿಡಿದಿಡುವುದು, ಪರೀಕ್ಷೆ ಮಾಡಿಸಿ ದೋಷವಿಲ್ಲದ ಬಾವಿಯನ್ನೇ ಕುಡಿಯಲು ಇರಿಸುವುದು, ಇವಲ್ಲದೆ ಮಾರ್ಗವಿಲ್ಲ. ಕಣ್ಣಿಗೆ ತಿಳಿಯಾಗಿ, ನಾಲಿಗೆಗೆ ಸಿಹಿಯಾಗಿ ಇರುವ ನೀರಿನಲ್ಲಿಯೂ ದೋಷವಿರಬಹುದೆಂಬುದನ್ನು ಒಪ್ಪುವುದು ಅನುಭವವನ್ನೇ ಪ್ರಮಾಣವೆಂದವರಿಗೆ ಕಷ್ಟವೇ ಸರಿ.

ಕೊನೆಯದಾಗಿ, ಹೇಳಲು ಸಂಕೋಚವಾಗುವ ಒಂದು ವಿಷಯ. ೨೦೨೨ರ ಬೇಸಿಗೆಯ ಕಡೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಮೃತರಾದರು. ನಾವು ಅದನ್ನು ಪತ್ರಿಕೆಯಲ್ಲಿ ಓದಿ ಅಧಿಕಾರಿಗಳನ್ನು ಬೈದೆವು. ಆದರೆ ನಮ್ಮ ಜಾತ್ರೆಗಳಲ್ಲಿ, ಪುರಾಣಮಂಗಲದಲ್ಲಿ, ಸಾಮೂಹಿಕ ವಿವಾಹಗಳಲ್ಲಿ ಸಾವಿರಾರು ಮಂದಿಗೆ ದಾಸೋಹ ನಡೆಯುವಾಗ ಅಕ್ಕಿ, ಬೇಳೆ, ಗೋದಿಹುಗ್ಗಿಯ ಲೆಕ್ಕವು ಚೊಕ್ಕವಾಗಿರುವುದು; ನೀರನ್ನು ಯಾವ ಟ್ಯಾಂಕರು ಎಲ್ಲಿಂದ ತುಂಬಿ ತಂದಿತೆಂದು ಕೇಳಿದರೆ ಉಸ್ತುವಾರಿಯವರು ಒಬ್ಬರನ್ನೊಬ್ಬರು ನೋಡುವರು. ಪಾದೋದಕವನ್ನು ಕಣ್ಣಿಗೊತ್ತಿಕೊಳ್ಳುವ ನಾವು ಆ ಉದಕವು ಬಂದ ತೊಟ್ಟಿಯೊಳಗೆ ಬಗ್ಗಿ ನೋಡುವುದಿಲ್ಲ. ಸದ್ಭಕ್ತರಲ್ಲಿ ನನ್ನ ವಿನಂತಿಯಿಷ್ಟೆ: ದಾಸೋಹಕ್ಕೆ ಹಿಟ್ಟಿನ ಸೇವೆ, ಎಣ್ಣೆಯ ಸೇವೆ ಎಂದು ಹೆಸರು ಬರೆಸುವಂತೆ ನೀರಿನ ಸೇವೆಯೆಂದೂ ಒಬ್ಬರು ಬರೆಸಲಿ. ಅವರು ಜಾತ್ರೆಗೆ ಹದಿನೈದು ದಿನ ಮೊದಲೇ ನೀರಿನ ಮಾದರಿಯನ್ನು ಸೀಸೆಯಲ್ಲಿ ಪರೀಕ್ಷೆಗೆ ಕಳುಹಿಸಲಿ, ತೊಟ್ಟಿಯನ್ನು ನಿಂತು ತೊಳೆಸಲಿ, ಬ್ಲೀಚಿಂಗ್ ಪುಡಿಯನ್ನು ತಿಳಿದವರಿಂದ ಅಳತೆ ಮಾಡಿಸಿ ಹಾಕಿಸಲಿ. ತೊಟ್ಟಿ ತೊಳೆದ ದಿನಾಂಕವನ್ನು ಅದರ ಮೈಮೇಲೆ ಬರೆಯುವ ಪದ್ಧತಿಯು ಪಂಚಾಯಿತಿಗಳಲ್ಲಿ ಇದ್ದೇ ಇದೆ. ಆ ದಿನಾಂಕವು ನಮ್ಮ ಆಮಂತ್ರಣಪತ್ರಿಕೆಯಲ್ಲಿ ದಾನಿಗಳ ನಾಮಾವಳಿಯ ಮೇಲೆ ಒಂದು ಸಾಲಾಗಿ ಅಚ್ಚಾದರೆ ಕಾಗದವೇನೂ ಹೆಚ್ಚು ಹಿಡಿಯಲಾರದು.