ಪೈಲಟ್ ಇಲ್ಲದ ವಿಮಾನಕ್ಕೆ ಕರ್ತೃ ಯಾರು?

2023ರ ಆಗಸ್ಟ್ 20ರ ಭಾನುವಾರ ಬೆಳಿಗ್ಗೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲವೊಂದಕ್ಕೆ ವಿಮಾನ ಬಿತ್ತು. ಒಳಗೆ ಯಾರೂ ಇರಲಿಲ್ಲ. ಮನುಷ್ಯ ಕೂರಲು ಜಾಗವೇ ಇಲ್ಲದ ವಿಮಾನ ಅದು. ಡಿಆರ್‌ಡಿಒ ರೂಪಿಸಿದ ‘ತಪಸ್’ ಡ್ರೋನು, ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ಕೇಂದ್ರದ್ದು. ಅದೇ ವರ್ಷ ಏಪ್ರಿಲ್ 2ರಂದು ಅದೇ ಕೇಂದ್ರದಲ್ಲಿ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ಕಳಚಿಕೊಂಡು, ತನ್ನಷ್ಟಕ್ಕೆ ತಾನೇ ರನ್‌ವೇಗೆ ಬಂದಿಳಿದಿತ್ತು.

ಇಳಿದದ್ದಕ್ಕೆ ಚಪ್ಪಾಳೆ ಯಾರಿಗೆ, ಬಿದ್ದದ್ದಕ್ಕೆ ಬೈಗುಳ ಯಾರಿಗೆ? ಇಲಾಖೆಗೆ ಇದು ತನಿಖೆಯ ವಿಷಯ. ಆದರೆ ಮಾಡುವವನು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ವಿಮಾನಕ್ಕಿಂತ ಬಹಳ ಹಳೆಯದು. ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮ ನಡೆಯಲು ಐದು ಕಾರಣ ಬೇಕೆನ್ನುತ್ತದೆ: ಅಧಿಷ್ಠಾನ ಎಂದರೆ ನೆಲೆ, ಕರ್ತೃ, ಕರಣ ಎಂದರೆ ಸಾಧನ, ಬಗೆಬಗೆಯ ಚೇಷ್ಟೆ ಎಂದರೆ ಚಲನೆ, ಐದನೆಯದಾಗಿ ದೈವ. ಹೀಗಿದ್ದೂ ನಾನೊಬ್ಬನೇ ಮಾಡಿದೆ ಎನ್ನುವವನಿಗೆ ಕಣ್ಣಿಲ್ಲ ಎಂಬರ್ಥದ ಮಾತು ಅದರ ಬೆನ್ನಿಗೇ ಬರುತ್ತದೆ. ಇನ್ನೂ ಮುಂದೆ, ಜೀವಿಗಳೆಲ್ಲ ಯಂತ್ರದ ಮೇಲೆ ಕೂತವರಂತೆ, ಹೃದಯದಲ್ಲಿರುವ ಈಶ್ವರ ಅವರನ್ನು ತಿರುಗಿಸುತ್ತಾನೆ ಎಂಬ ಚಿತ್ರವಿದೆ. ಹಾಗಾದರೆ ರಿಮೋಟು ಹಿಡಿದವನ ಕೈಗೂ ಇನ್ನೊಂದು ರಿಮೋಟು ಇದೆಯೇ?

ತಪಸ್‌ನಂಥ ದೊಡ್ಡ ಯಂತ್ರದಲ್ಲಿ ಈ ಐದು ಕಾರಣಗಳನ್ನು ಬಿಡಿಸಿ ನೋಡುವುದು ಕಷ್ಟ. ಹವ್ಯಾಸಿಗಳ ಮಾದರಿ ವಿಮಾನದಲ್ಲಿ ಸುಲಭ. 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಒಟ್ಟು 25 ಕಿಲೋ ಮೀರಬಾರದು, ಹಾರಿಸುವವರ ಕಣ್ಣಳತೆ ದಾಟಬಾರದು. ಅಷ್ಟರೊಳಗೇ ಆಳೆತ್ತರದ ರೆಕ್ಕೆ, 50 ಸಿಸಿ ಪೆಟ್ರೋಲ್ ಇಂಜಿನ್ನು ಎಲ್ಲ ಬರುತ್ತದೆ. ಅಂಥದೊಂದಕ್ಕೆ ಇಂಜಿನ್ ಕೂರಿಸುವುದನ್ನು ಹತ್ತಿರದಿಂದ ನೋಡಬೇಕು. ಮೂತಿಯ ಪ್ಲೈವುಡ್ ಗೋಡೆಗೆ ಫೈರ್‌ವಾಲ್ ಎನ್ನುತ್ತಾರೆ. ಪೆಟ್ರೋಲ್, ಎಣ್ಣೆ ಕುಡಿದು ಮೆತ್ತಗಾಗದಂತೆ ಅದಕ್ಕೆ ಮೊದಲು ಎಪಾಕ್ಸಿ ಬಳಿಯಬೇಕು. ಬೋಲ್ಟುಗಳು ನಡುಕಕ್ಕೆ ಸಡಿಲಾಗದಿರಲು ಮರೆಗೆ ಒಂದು ಹನಿ ನೀಲಿ ಲಾಕ್‌ಟೈಟ್ ಅಂಟು ಬೇಕು. ಪ್ರೊಪೆಲ್ಲರಿನ ಸುತ್ತು ವಿಮಾನವನ್ನು ಎಡಕ್ಕೆ ಎಳೆಯುತ್ತದೆಂದು ಇಂಜಿನ್ನನ್ನು ಎರಡು ಡಿಗ್ರಿಯಷ್ಟು ಬಲಕ್ಕೆ ಓರೆ ಇಡುತ್ತಾರೆ. ಹಾಗೆ ಓರೆಯಿಟ್ಟರೆ ಪ್ರೊಪೆಲ್ಲರಿನ ನಡುವಿನ ಚೂಪು ಟೊಪ್ಪಿಗೆ, ಅಂದರೆ ಸ್ಪಿನ್ನರ್, ನಡುವಿನಿಂದ ಸರಿಯುತ್ತದೆ. ಅದಕ್ಕೆ ಇಂಜಿನ್ನಿನ ಬುಡವನ್ನೇ ಚೂರು ಎಡಕ್ಕೆ ಜರುಗಿಸಬೇಕು. ನೇರ ಹಾರಲೆಂದು ಬೇಕಂತಲೇ ಸೊಟ್ಟ ಕೂರಿಸುವ ಕೆಲಸ!

ಇದೆಲ್ಲ ಮುಗಿದ ಮೇಲೆ ಕೌಲಿಂಗ್, ಅಂದರೆ ಇಂಜಿನ್ನಿಗೆ ಹೊದಿಸುವ ಫೈಬರ್‌ಗ್ಲಾಸಿನ ಕವಚ. ಅದನ್ನು ತೊಡಿಸಿದರೆ ಸ್ಕ್ರೂ ಹೊಡೆಯಬೇಕಾದ ಜಾಗ ಮರೆಯಾಗುತ್ತದೆ. ಬಲ್ಲವರು ಮೊದಲೇ ಮೈಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ತೂತು ಗುರುತಿಟ್ಟು, ಪಟ್ಟಿಯನ್ನು ಹಿಂದಕ್ಕೆ ಮಡಚುತ್ತಾರೆ. ಕೌಲಿಂಗ್ ಕೂತ ಮೇಲೆ ಪಟ್ಟಿಯನ್ನು ಅದರ ಮೇಲೆ ಬಿಚ್ಚಿದರೆ ಗುರುತು ಸರಿಯಾದ ಕಡೆಗೆ ಬರುತ್ತದೆ. ಸ್ಪಿನ್ನರಿಗೂ ಕೌಲಿಂಗಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದು. ಗಾಳಿ ಒಳಬರುವ ಬಾಯಿಗಿಂತ ಹೊರಹೋಗುವ ಬಾಯಿ ದೊಡ್ಡದು. ಇಲ್ಲದಿದ್ದರೆ ಸಿಲಿಂಡರ್ ಕಾದು ಇಂಜಿನ್ ಆಕಾಶದಲ್ಲೇ ನಿಂತೀತು. ಮೈದಾನಕ್ಕೆ ಬಂದವರು ಹೊಗಳುವುದು ಮಾತ್ರ ಕೌಲಿಂಗಿನ ಬಣ್ಣವನ್ನು.

ಈಗ ವಿಮಾನ ಬಿತ್ತೆನ್ನಿ. ಗೋಡೆ, ಕೈ, ಇಂಜಿನ್ನು, ಒಳಗಿನ ಕಿಡಿ, ಹೊರಗಿನ ಗಾಳಿ, ಗೀತೆ ಹೇಳಿದ ಐದೂ ಕಟಕಟೆಯಲ್ಲಿವೆ. ನಮ್ಮ ನಾಲಿಗೆಗೆ ಮೊದಲು ಬರುವುದು ಐದನೆಯದು: ‘ಟೈಮ್ ಸರಿಯಿರಲಿಲ್ಲ’. ಆ ದೈವ ಎಂದರೇನೆಂಬುದರಲ್ಲಿ ಆಚಾರ್ಯರೇ ಒಮ್ಮತಕ್ಕೆ ಬಂದಿಲ್ಲ. ಶಂಕರರಿಗೆ ಅದು ಇಂದ್ರಿಯಗಳನ್ನು ಆಳುವ ಆದಿತ್ಯಾದಿ ದೇವತೆಗಳು. ರಾಮಾನುಜರಿಗೆ ಒಳಗಿದ್ದು ನಡೆಸುವ ಪರಮಾತ್ಮ. ಉಡುಪಿಯ ಮಧ್ವರದು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವ ನಿಲುವು: ಜೀವ ಕರ್ತೃವೇ ಹೌದು, ಆದರೆ ಆ ಕರ್ತೃತ್ವ ಪರಾಧೀನ. ಅಧೀನ ಎಂದ ಮಾತ್ರಕ್ಕೆ ಸುಳ್ಳಲ್ಲ. ಲಾಕ್‌ಟೈಟ್ ಹಾಕದವನು ಹರಿಯ ಹಿಂದೆ ಅಡಗುವಂತಿಲ್ಲ.

ಪರೀಕ್ಷಾ ಕೇಂದ್ರವಿರುವ ಚಳ್ಳಕೆರೆ ತಾಲ್ಲೂಕಿನದೇ ನಾಯಕನಹಟ್ಟಿ. ಅಲ್ಲಿನ ತಿಪ್ಪೇರುದ್ರಸ್ವಾಮಿ ಸುತ್ತಮುತ್ತ ಕೆರೆ ಕಟ್ಟಿಸಿದ ಅವಧೂತರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಬಯಲುಸೀಮೆಯಲ್ಲಿ ಮನೆಮಾತು. ಎಷ್ಟು ಮಣ್ಣು ಹೊತ್ತೆಯೋ ಅಷ್ಟು ಕೂಲಿ. ಹೊರದ ಬುಟ್ಟಿಯ ಲೆಕ್ಕ ದೈವದ ಹೆಸರಿಗೆ ಬರೆಯುವಂತಿಲ್ಲ.

ಆದರೂ ಐದನೆಯದನ್ನು ಅಳಿಸಿಹಾಕಲು, ತಪಸ್ ಬಿದ್ದ ಹಿರಿಯೂರು ತಾಲ್ಲೂಕಿನದೇ ಆದ ಮಾರಿಕಣಿವೆ ಬಿಡುವುದಿಲ್ಲ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾದ ಕಲ್ಲಿನ ಅಣೆಕಟ್ಟು 1907ರಲ್ಲಿ ಮುಗಿಯಿತು. ಕಲ್ಲು, ಗಾರೆ, ಕೈ, ಲೆಕ್ಕ ಎಲ್ಲ ಸರಿಯಿತ್ತು. ಆದರೆ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರವರೆಗೆ, 89 ವರ್ಷ, ಮತ್ತೆ ಕೋಡಿ ಹರಿಯಲಿಲ್ಲ. ಕಟ್ಟೆಯ ಬಳಿಯ ಕಣಿವೆ ಮಾರಮ್ಮನಿಗೆ ಅಷ್ಟೂ ವರ್ಷ ಹರಕೆ ನಿಂತಿರಲಿಲ್ಲ. 2022ರ ನೀರಿನಲ್ಲಿ ಅಪರೂಪದ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ಪಂಪುಗಳು ಎತ್ತಿ ತಂದ ನೀರೂ ಸೇರಿತ್ತು. ಅಲ್ಲಿಗೆ ದೈವದ ಪಾಲಿನಲ್ಲೂ ಒಂದಿಷ್ಟು ಮೋಟಾರಿನದು. 2025ರ ಜನವರಿಯಲ್ಲಿ ಅಣೆಕಟ್ಟು ಮೂರನೆಯ ಸಲ ತುಂಬಿತು.

ಹೀಗಾಗಿ ಗೀತೆ ದೈವವನ್ನು ಐದನೆಯ ಸ್ಥಾನದಲ್ಲಿ ಇಟ್ಟದ್ದೇ ನ್ಯಾಯ. ಅದು ಪಟ್ಟಿಯಲ್ಲಿದೆ, ಮೊದಲಿಗಲ್ಲ. ಮೊದಲ ನಾಲ್ಕನ್ನು ಕೌಲಿಂಗಿನ ಕೆಳಗೆ ಮುಚ್ಚಿಟ್ಟು ಐದನೆಯದನ್ನು ಮಾತ್ರ ಮೆರೆಸುವುದು ಭಕ್ತಿಯಲ್ಲ, ಮೈಗಳ್ಳತನ.

ಆಯುಧಪೂಜೆಯ ದಿನ ನಮ್ಮಲ್ಲಿ ಲಾರಿಗೂ ಲೇತಿಗೂ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಮಾದರಿ ವಿಮಾನಕ್ಕೂ ಆಗುತ್ತದೆ, ಆಗಲಿ. ಹವ್ಯಾಸಿಗಳಲ್ಲಿ ಒಂದೇ ಕೋರಿಕೆ: ಅಂದು ಕೌಲಿಂಗ್ ಬಿಚ್ಚಿ, ಬೋಲ್ಟುಗಳನ್ನೊಮ್ಮೆ ಬಿಗಿ ನೋಡಿ, ಪೂಜೆಯನ್ನು ಇಂಜಿನ್ನಿಗೇ ಮಾಡಿ. ಕುಂಕುಮದ ಪುಡಿ ಹೋಗದಂತೆ ಕಾರ್ಬ್ಯುರೇಟರಿನ ಬಾಯಿಗೆ ಮಾತ್ರ ಒಂದು ಬಟ್ಟೆ ಕಟ್ಟಿ.