ಇಂದಿನ ಧಮ್ಮ ಚಿಂತನೆ: ಹೊಸ ಬೀದಿಯ ಗೆಳೆಯರು

 

ಶಾಲೆ ಶುರುವಾಗುವ ಹೊತ್ತಿಗೆ ಮನೆ ಬದಲಿಸುವವರು ನಮ್ಮಲ್ಲಿ ಬಹಳ. ಸಾಮಾನು ಇಳಿಸುವಷ್ಟರಲ್ಲೇ ಮಗು ಬೀದಿಯ ಆಟದ ಅಂಚಿನಲ್ಲಿ ನಿಂತಿರುತ್ತದೆ. ಮೊದಲ ದಿನ ಹೆಸರು ಕೇಳುತ್ತಾರೆ, ಮೂರನೇ ದಿನ ‘ನೀವು ಯಾವ ಜನ?’ ಮಗು ಓಡಿಬಂದು, ‘ಅಮ್ಮ, ಏನಂತ ಹೇಳ್ಲಿ?’ ಅನ್ನುತ್ತದೆ.

ಬಾಡಿಗೆ ಮನೆ ಕೈತಪ್ಪೀತೆಂದು ಎಷ್ಟೋ ತಾಯಂದಿರು ಸುಳ್ಳು ಹೇಳಿಕೊಡುತ್ತಾರೆ. ಅವರನ್ನು ದೂರಲಾರೆ, ಆ ಭಯ ಹುಸಿಯಲ್ಲ. ಆದರೆ ಆ ಸುಳ್ಳನ್ನು ದಿನವೂ ಕಾಯಬೇಕಾದದ್ದು ಏಳು ವರ್ಷದ ಮಗು. ಗೆಳೆಯ ಮನೆಗೆ ಬರುತ್ತೇನೆಂದರೆ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ನೆನಪಾಗಿ ಅದರ ಎದೆ ಹೊಡೆದುಕೊಳ್ಳುತ್ತದೆ. ‘ನಾವು ಬೌದ್ಧರು’ ಅನ್ನಲಿ ಬಿಡಿ. ಮನೆ ಇನ್ನೊಂದು ಸಿಕ್ಕೀತು.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಒಳ್ಳೆಯ ಗೆಳೆಯನ ಗುರುತು ಹೇಳುತ್ತಾರೆ: ನೆರವಾಗುವವನು, ಸುಖದುಃಖದಲ್ಲಿ ಒಂದೇ ಥರ ಇರುವವನು, ಹಿತ ಹೇಳುವವನು, ಮರುಗುವವನು. ಕುಲ ಆ ಪಟ್ಟಿಯಲ್ಲೇ ಇಲ್ಲ. ಮಗುವಿಗೆ ಅದರ ಮಾತಿನಲ್ಲೇ ಕೇಳಿ: ಬಿದ್ದಾಗ ಎತ್ತಿದವರು ಯಾರು? ಸೋತಾಗ ನಗದವರು ಯಾರು?

ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನನಿಲ್ಲದ ದಿನ ನೀರೂ ಇಲ್ಲ. ಅವರೇ 1954ರ ಆಕಾಶವಾಣಿ ಭಾಷಣದಲ್ಲಿ ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಬುದ್ಧರಿಂದ ಪಡೆದೆ ಎಂದರು, ಬಂಧುತ್ವಕ್ಕೆ ಎಲ್ಲಕ್ಕಿಂತ ಮೇಲಿನ ಜಾಗ ಕೊಟ್ಟರು.

ಇನ್ನು ನಮ್ಮ ಬಾಗಿಲಿನ ಮಾತು. ಎದುರಿನ ಕಟ್ಟಡದ ಕೆಲಸಕ್ಕೆ ಯಾದಗಿರಿಯಿಂದ ಬಂದವರ ಮಗು ಗೇಟಿನಾಚೆ ನಿಂತಿದ್ದರೆ ಇವತ್ತು ಸಂಜೆ ಒಳಗೆ ಕರೆಯಿರಿ. ನೀರು ನಾವು ಕುಡಿಯುವ ಲೋಟದಲ್ಲೇ ಕೊಡಿ.

ಜೈಭೀಮ್.